ಓದುಗರ ಪ್ರಶ್ನೆ, ನಮ್ಮ ಉತ್ತರ: ಇದ್ದಕ್ಕಿದ್ದಂತೆ ಕಡಲ ಕಡೆಗೆ

ವಾರಾಂತ್ಯಕ್ಕೆ ಗೆಳೆಯರೊಡನೆ ಇದ್ದಕ್ಕಿದ್ದಂತೆ ಕಾರು ಹತ್ತಿ ಕಡಲತೀರದ ರಸ್ತೆ ಹಿಡಿಯುವವರ ಪತ್ರಗಳು ಈ ಬಾರಿ ಒಟ್ಟೊಟ್ಟಿಗೆ ಬಂದಿರುವುದರಿಂದ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಬಿಟ್ಟುಕೊಟ್ಟಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿದ್ದೇವೆ. ಬರೆದವರ ಹೆಸರು, ಊರುಗಳನ್ನು ಕೈಬಿಟ್ಟಿದ್ದೇವೆ.

ಪ್ರಶ್ನೆ: ಶುಕ್ರವಾರ ಸಂಜೆ ಕೆಲಸ ಮುಗಿಸಿ ಹರಟುತ್ತ ಕುಳಿತಿದ್ದಾಗ, ಈಗಲೇ ಹೊರಟರೆ ಸೂರ್ಯೋದಯದ ಹೊತ್ತಿಗೆ ಕಡಲ ಮುಂದಿರಬಹುದು ಎಂದು ಒಬ್ಬ ಹೇಳಿದ. ನಾಲ್ವರು ಒಪ್ಪಿದೆವು. ಐದನೆಯವಳು ರಾತ್ರಿ ಪ್ರಯಾಣ ಬೇಡವೆಂದು ಹಟ ಹಿಡಿದು ಇಡೀ ಕಾರ್ಯಕ್ರಮವನ್ನೇ ಕೆಡಿಸಿದಳು. ಅವಳ ಅಂಜಿಕೆ ಅತಿಯಾಯಿತಲ್ಲವೇ?

ಉತ್ತರ: ಇಲ್ಲ, ನಿಮ್ಮ ಲೆಕ್ಕ ಕಡಿಮೆಯಾಯಿತು. ಶುಕ್ರವಾರ ಬೆಳಿಗ್ಗೆ ಆರಕ್ಕೆ ಎದ್ದವರು ಅಂದೇ ರಾತ್ರಿ ಹನ್ನೊಂದಕ್ಕೆ 17 ಗಂಟೆ ಎಚ್ಚರವಿದ್ದಂತಾಯಿತು. ಅಷ್ಟು ಹೊತ್ತು ನಿದ್ದೆಯಿಲ್ಲದವರ ಕೈಚಳಕ ಮತ್ತು ಗಮನ, ರಕ್ತದಲ್ಲಿ ಶೇ 0.05ರಷ್ಟು ಮದ್ಯವಿರುವವರ ಮಟ್ಟಕ್ಕೆ ಇಳಿಯುತ್ತದೆಂದು ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲೇ ಪ್ರಯೋಗ ನಡೆಸಿ ತೋರಿಸಿದ್ದಾರೆ. ಇಡೀ ದಿನರಾತ್ರಿ ಎಚ್ಚರವಿದ್ದರೆ ಅದು ಶೇ 0.10ಕ್ಕೆ ಸಮ. ಕುಡಿದು ಕಾರು ಓಡಿಸುವ ಗೆಳೆಯನ ಕೈಯಿಂದ ಕೀಲಿಕೈ ಕಿತ್ತುಕೊಳ್ಳುವ ನಾವು, ನಿದ್ದೆಗೆಟ್ಟ ಗೆಳೆಯನಿಗೆ ಮಾತ್ರ ‘ಇನ್ನೊಂದು ಕಾಫಿ ಕುಡಿ’ ಎಂದು ಹುರಿದುಂಬಿಸುತ್ತೇವೆ.

ನಸುಕಿನ ಎರಡರಿಂದ ಆರರವರೆಗೆ ದೇಹವೇ ನಿದ್ದೆಯನ್ನು ಕೇಳುತ್ತದೆ, ಹುಮ್ಮಸ್ಸು ಎಷ್ಟೇ ಇದ್ದರೂ ಆ ಕರೆ ನಿಲ್ಲುವುದಿಲ್ಲ. ಆಗ ಬರುವುದು ಬಾಯಿ ತೆರೆದು ಗೊರಕೆ ಹೊಡೆಯುವ ನಿದ್ದೆಯಲ್ಲ, ಕಣ್ಣು ತೆರೆದಿರುವಂತೆಯೇ ಮೂರು ನಾಲ್ಕು ಸೆಕೆಂಡು ಮಿದುಳು ಮಂಪರಿಗೆ ಜಾರುವ ತೂಕಡಿಕೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ, ನಾಲ್ಕು ಸೆಕೆಂಡಿನಲ್ಲಿ ಸುಮಾರು 90 ಮೀಟರ್. ತಿರುವುಗಳೇ ತುಂಬಿರುವ ಕಡಲ ರಸ್ತೆಯಲ್ಲಿ ಅಷ್ಟು ದೂರ ನೆಟ್ಟಗಿರುವ ಜಾಗ ಎಲ್ಲೆಡೆ ಸಿಗುವುದಿಲ್ಲ. ಹಿಂದಿನ ಕೆಲವು ಕಿಲೋಮೀಟರುಗಳು ನೆನಪಿಗೆ ಬಾರದಿದ್ದರೆ, ರಸ್ತೆಯಂಚಿನ ಬಿಳಿಗೆರೆಯ ಮೇಲೆ ಚಕ್ರ ಹತ್ತಿ ಇಳಿಯತೊಡಗಿದ್ದರೆ, ಆಗಲೇ ತಡವಾಗಿದೆಯೆಂದು ತಿಳಿಯಬೇಕು.

ಕಿಟಕಿ ಇಳಿಸುವುದು, ಹಾಡಿನ ಸದ್ದು ಏರಿಸುವುದು, ಮುಖಕ್ಕೆ ನೀರು ಚಿಮುಕಿಸಿಕೊಳ್ಳುವುದು ಇವೆಲ್ಲ ಕೆಲವೇ ನಿಮಿಷಗಳ ಉಪಚಾರ. ಸುರಕ್ಷಿತವಾದ ಜಾಗದಲ್ಲಿ ಕಾರು ನಿಲ್ಲಿಸಿ, ಒಂದು ಕಾಫಿ ಕುಡಿದು, ಕೂಡಲೇ 15-20 ನಿಮಿಷ ಕಣ್ಣು ಮುಚ್ಚುವುದು ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ, ಏಕೆಂದರೆ ಕೆಫೀನು ಮೈಗೆ ಹತ್ತಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಎದ್ದಾಗ ನಿದ್ದೆಯ ಲಾಭವೂ ಕಾಫಿಯ ಲಾಭವೂ ಒಟ್ಟಿಗೆ ದೊರೆಯುತ್ತವೆ. ಆದರೆ ಅದೂ ಒಂದೆರಡು ಗಂಟೆಯ ಸಾಲವಷ್ಟೇ. ಶುಕ್ರವಾರ ರಾತ್ರಿ ಮನೆಯಲ್ಲಿ ಮಲಗಿ, ಶನಿವಾರ ನಸುಕಿನ ಐದಕ್ಕೆ ಹೊರಡಿ ಎಂಬುದು ನಮ್ಮ ಸಲಹೆ. ಮನಸ್ಸಾದದ್ದು ಶುಕ್ರವಾರ ಸಂಜೆಯೇ ಆದ್ದರಿಂದ, ಹನ್ನೊಂದು ಗಂಟೆ ತಡವಾಗಿ ಹೊರಟ ಮಾತ್ರಕ್ಕೆ ಪ್ರಯಾಣದ ದಿಢೀರ್‌ತನಕ್ಕೆ ಊನವೇನೂ ಬರುವುದಿಲ್ಲ. ಬೇಡವೆಂದ ಗೆಳತಿಗೆ ಮುಂದಿನ ಬಾರಿ ಮುಂದಿನ ಸೀಟು ಕೊಡಿ. ಚಾಲಕನ ಪಕ್ಕದಲ್ಲಿ ಎಚ್ಚರವಾಗಿ ಕುಳಿತಿರಬೇಕಾದವರು ಅಂಥವರೇ.

ಪ್ರಶ್ನೆ: ನಮ್ಮ ಬಳಗದಲ್ಲಿ ಕಡಲಿಗೆ ಹೋಗೋಣವೆಂಬ ಮಾತು ಪ್ರತಿ ವಾರ ಹುಟ್ಟುತ್ತದೆ, ಪ್ರತಿ ವಾರ ಸಾಯುತ್ತದೆ. ಯಾವ ತೀರ, ಯಾರ ಕಾರು, ಎಲ್ಲಿ ವಸತಿ ಎಂದು ಮೊಬೈಲಿನಲ್ಲಿ ಸಂದೇಶಗಳು ಹರಿದಾಡುವುದರಲ್ಲೇ ಶನಿವಾರ ಮಧ್ಯಾಹ್ನವಾಗಿರುತ್ತದೆ. ಏನು ಮಾಡಬೇಕು?

ಉತ್ತರ: ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂಬ ಗಾದೆ ನಿಮ್ಮ ಬಳಗವನ್ನು ನೋಡಿಯೇ ಹುಟ್ಟಿದಂತಿದೆ. ಐದು ಜನರಿಗೆ ಹನ್ನೆರಡು ತೀರಗಳ ಚಿತ್ರ ಕಳಿಸಿ ಯಾವುದು ಬೇಕೆಂದು ಕೇಳಿದರೆ ಉತ್ತರ ಬರುವುದಿಲ್ಲ, ಹದಿಮೂರನೆಯ ಚಿತ್ರ ಬರುತ್ತದೆ. ಒಂದು ಬಾರಿಗೆ ಒಬ್ಬರೇ ತೀರ್ಮಾನಿಸಲಿ, ಉಳಿದವರಿಗೆ ಬೇಡವೆನ್ನುವ ಹಕ್ಕು ತಲಾ ಒಂದು ಸಲ ಮಾತ್ರ ಇರಲಿ, ಮುಂದಿನ ಬಾರಿ ತೀರ್ಮಾನಿಸುವ ಸರದಿ ಮತ್ತೊಬ್ಬರದಾಗಲಿ.

ಜಾಗವನ್ನು ಹೆಸರಿನಿಂದಲ್ಲ, ಗಂಟೆಯಿಂದ ಆರಿಸಿಕೊಳ್ಳುವುದು ಲೇಸು. ಶನಿವಾರ ಬೆಳಿಗ್ಗೆಯಿಂದ ಭಾನುವಾರ ಸಂಜೆಯವರೆಗೆ ಎಚ್ಚರದಲ್ಲಿರುವ ಅವಧಿ ಇಪ್ಪತ್ತೆಂಟು ಗಂಟೆಗಳಿಗಿಂತ ಹೆಚ್ಚಿರುವುದಿಲ್ಲ. ಹೋಗಲು ಐದು, ಬರಲು ಐದು, ಅಲ್ಲಲ್ಲಿ ನಿಲ್ಲಲು ಎರಡು ಗಂಟೆ ಎಂದಿಟ್ಟುಕೊಂಡರೆ ಅರ್ಧಕ್ಕೆ ಹತ್ತಿರದಷ್ಟು ಹೊತ್ತು ಕಾರಿನೊಳಗೇ ಕಳೆದಂತಾಯಿತು. ಒಂದು ಬದಿಗೆ ನಾಲ್ಕು ಗಂಟೆಗಿಂತ ಹೆಚ್ಚು ಹಿಡಿಯುವ ತೀರವನ್ನು ಎರಡು ದಿನದ ಪ್ರವಾಸಕ್ಕೆ ಆರಿಸಬಾರದೆಂಬುದು ನಮ್ಮ ಅಭಿಪ್ರಾಯ. ಇನ್ನು ವಸತಿ: ಮೊದಲ ಇರುಳಿಗೆ ಹಾಸಿಗೆ ಎಲ್ಲಿ ಎಂಬುದನ್ನು ಹೊರಡುವ ಮುನ್ನವೇ ಫೋನಿನಲ್ಲಿ ಗೊತ್ತುಮಾಡಿಕೊಳ್ಳಿ. ಮಿಕ್ಕ ಎಲ್ಲವನ್ನೂ, ಊಟದ ಜಾಗವನ್ನೂ, ಯಾವ ಅಡ್ಡದಾರಿಗೆ ತಿರುಗಬೇಕೆಂಬುದನ್ನೂ, ರಸ್ತೆಗೇ ಬಿಡಬಹುದು. ಹಾಸಿಗೆ ಖಚಿತವಾಗಿದ್ದರೆ ಹಗಲಿನಲ್ಲಿ ಮನಸ್ಸು ಬಂದತ್ತ ತಿರುಗಬಹುದು. ಅದಿಲ್ಲದ ಗುಂಪು ಸಂಜೆ ನಾಲ್ಕರಿಂದಲೇ ಕಡಲಿಗೆ ಬೆನ್ನು ಹಾಕಿ ಕೋಣೆ ಹುಡುಕತೊಡಗುತ್ತದೆ.

ಪ್ರಶ್ನೆ: ನಕ್ಷೆಯ ಪ್ರಕಾರ ಮೂರು ಗಂಟೆಯ ಕಡಲ ರಸ್ತೆ ನಮಗೆ ಆರು ಗಂಟೆ ಹಿಡಿಯಿತು. ನಾವು ನಿಧಾನವೋ, ನಕ್ಷೆ ಸುಳ್ಳೋ?

ಉತ್ತರ: ನಕ್ಷೆ ಕಾರಿನ ಓಟವನ್ನಷ್ಟೇ ಲೆಕ್ಕ ಹಾಕುತ್ತದೆ, ಕಾರಿನೊಳಗಿನವರ ಸ್ವಭಾವವನ್ನಲ್ಲ. ಒಳನಾಡಿನ ಹೆದ್ದಾರಿಯಲ್ಲಿ ನಿಲ್ಲಲು ಕಾರಣಗಳು ಕಡಿಮೆ. ಕಡಲ ರಸ್ತೆಯಲ್ಲಿ ತಿರುವಿಗೊಂದು ಕಾರಣ ಎದುರಾಗುತ್ತದೆ, ಒಂದು ನಿಲುಗಡೆಗೆ ಇಪ್ಪತ್ತು ನಿಮಿಷಕ್ಕಿಂತ ಕಡಿಮೆ ಹಿಡಿಯುವುದಿಲ್ಲ, ಐದು ಜನರಿದ್ದರೆ ಕೊನೆಯವರು ಮರಳು ಕೊಡವಿಕೊಂಡು ಹತ್ತುವ ಹೊತ್ತಿಗೆ ಮೊದಲನೆಯವರು ಮತ್ತೆ ಇಳಿದಿರುತ್ತಾರೆ.

ಇದಲ್ಲದೆ ಭೂಮಿಯ ಕಾರಣವೊಂದಿದೆ. ನದಿಗಳು ಕಡಲನ್ನು ಸೇರುವಲ್ಲಿ ಅಳಿವೆ ಅಗಲವಾಗಿರುತ್ತದೆ, ಅಲ್ಲಿ ಸೇತುವೆ ಕಟ್ಟುವುದು ಕಷ್ಟ. ಎದುರು ದಡದ ಮನೆಗಳ ಕಿಟಕಿಗಳನ್ನು ಎಣಿಸಬಹುದಾದಷ್ಟು ಹತ್ತಿರವಿದ್ದರೂ, ನದಿ ಕಿರಿದಾಗುವ ಕಡೆಗೆ ರಸ್ತೆ ಒಳಕ್ಕೆ ಹೊರಳಿ, ಸೇತುವೆ ದಾಟಿ, ಮತ್ತೆ ಕಡಲಿನ ಕಡೆಗೆ ಬರಬೇಕಾಗುತ್ತದೆ. ದೋಣಿಯಲ್ಲಿ ಕಾರನ್ನು ದಾಟಿಸುವ ವ್ಯವಸ್ಥೆ ಇರುವ ಕಡೆ ಅದರ ವೇಳಾಪಟ್ಟಿ ನಿಮ್ಮ ವೇಳಾಪಟ್ಟಿಯಾಗುತ್ತದೆ. ಅಂದಹಾಗೆ, ಕರಾವಳಿಯ ಉದ್ದವೆಂಬುದೇ ಜಾರುವ ಲೆಕ್ಕ. ಬ್ರಿಟನ್ನಿನ ಕರಾವಳಿ ಎಷ್ಟು ಉದ್ದವಿದೆ ಎಂಬ ಪ್ರಶ್ನೆಯನ್ನು 1967ರಲ್ಲಿ ಎತ್ತಿಕೊಂಡ ಗಣಿತಜ್ಞ ಬೆನುವಾ ಮ್ಯಾಂಡೆಲ್‌ಬ್ರಾಟ್, ಅಳತೆಕೋಲು ಚಿಕ್ಕದಾದಷ್ಟೂ ಪ್ರತಿ ಕೊಲ್ಲಿ, ಪ್ರತಿ ಮೂಲೆ ಲೆಕ್ಕಕ್ಕೆ ಸೇರಿ ಉದ್ದ ಬೆಳೆಯುತ್ತಲೇ ಹೋಗುತ್ತದೆಂದು ತೋರಿಸಿದರು. ಕಡಲಿಗೆ ಅಂಟಿಕೊಂಡಷ್ಟೂ ದಾರಿ ಉದ್ದವಾಗುವುದು ನಿಮ್ಮ ಭ್ರಮೆಯಲ್ಲ.

ಆದ್ದರಿಂದ ನಕ್ಷೆಯ ಸಮಯವನ್ನು ಇಮ್ಮಡಿ ಮಾಡಿಕೊಂಡೇ ಹೊರಡಿ. ಕಡಲ ರಸ್ತೆಯನ್ನು ಶನಿವಾರದ ಹಗಲಿಗೆ ಇಟ್ಟುಕೊಂಡು, ವಾಪಸಾಗುವಾಗ ಮೈ ದಣಿದಿರುವುದರಿಂದ ಒಳನಾಡಿನ ನೇರ ಹೆದ್ದಾರಿಯನ್ನು ಹಿಡಿಯುವುದು ಜಾಣತನ. ದಿಕ್ಕಿನ ವಿಚಾರವನ್ನೂ ನೋಡಬೇಕು: ವಾಹನಗಳು ರಸ್ತೆಯ ಎಡಬದಿಯಲ್ಲಿ ಓಡುವ ದೇಶದಲ್ಲಿ ಕಡಲು ಎಡಕ್ಕೆ ಬರುವಂತೆ, ಬಲಬದಿಯಲ್ಲಿ ಓಡುವ ದೇಶದಲ್ಲಿ ಕಡಲು ಬಲಕ್ಕೆ ಬರುವಂತೆ ಸಾಗಿದರೆ, ನೋಟದ ಜಾಗ ಕಂಡಲ್ಲೆಲ್ಲ ಎದುರು ವಾಹನಗಳನ್ನು ಅಡ್ಡ ಹಾಯದೆ ಪಕ್ಕಕ್ಕೆ ಸರಿದು ನಿಲ್ಲಿಸಬಹುದು. ಕಡಲು ಪಶ್ಚಿಮಕ್ಕಿದ್ದರೆ ಒಳನಾಡಿನಿಂದ ಸಂಜೆ ಹೊರಡುವವರಿಗೆ ಮುಳುಗುವ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಾನೆಂಬುದೂ ನಸುಕಿನಲ್ಲಿ ಹೊರಡಲು ಇನ್ನೊಂದು ಕಾರಣ.

ಪ್ರಶ್ನೆ: ತೇವದ ಗಟ್ಟಿ ಮರಳಿನ ಮೇಲೆ ಕಾರು ನಿಲ್ಲಿಸಿ ಆಡುತ್ತಿದ್ದೆವು. ಎರಡು ಗಂಟೆಯ ನಂತರ ನೋಡಿದರೆ ಚಕ್ರದ ಸುತ್ತ ನೀರು. ಹೊರತೆಗೆಯಲು ಹೋದಷ್ಟೂ ಕಾರು ಹೂತುಕೊಂಡಿತು, ಕೊನೆಗೆ ಟ್ರ್ಯಾಕ್ಟರ್ ತರಿಸಬೇಕಾಯಿತು. ನೀರು ಬರುವುದನ್ನು ಮುಂಚೆಯೇ ತಿಳಿಯುವುದು ಹೇಗೆ?

ಉತ್ತರ: ಆ ಮರಳು ಗಟ್ಟಿಯಾಗಿದ್ದದ್ದು ಸ್ವಲ್ಪ ಹೊತ್ತಿಗೆ ಮುಂಚೆ ಅಲ್ಲಿ ನೀರಿತ್ತೆಂಬ ಕಾರಣಕ್ಕೇ. ಹೆಚ್ಚಿನ ತೀರಗಳಲ್ಲಿ 24 ಗಂಟೆ 50 ನಿಮಿಷಗಳ ಅವಧಿಯಲ್ಲಿ ಎರಡು ಉಬ್ಬರ, ಎರಡು ಇಳಿತ ಆಗುತ್ತವೆ. ಇಳಿತದಿಂದ ಉಬ್ಬರಕ್ಕೆ ಆರು ಗಂಟೆಯ ಮೇಲೆ ಕೆಲವು ನಿಮಿಷ. ಕೆಲವು ತೀರಗಳಲ್ಲಿ ದಿನಕ್ಕೆ ಒಂದೇ ಉಬ್ಬರವಿರುವುದೂ ಉಂಟು. ದಿನಕ್ಕೆ ಐವತ್ತು ನಿಮಿಷದಂತೆ ವೇಳೆ ಮುಂದೆ ಸರಿಯುವುದರಿಂದ, ಕಳೆದ ವಾರ ಹೋಗಿದ್ದ ಗೆಳೆಯ ‘ಸಂಜೆ ನಾಲ್ಕಕ್ಕೆ ನೀರು ದೂರ ಇರುತ್ತದೆ’ ಎಂದು ಹೇಳಿದ್ದು ಈ ವಾರ ತಲೆಕೆಳಗಾಗಿರುತ್ತದೆ: ಏಳು ದಿನಕ್ಕೆ ಹೆಚ್ಚುಕಡಿಮೆ ಆರು ಗಂಟೆ ಜರುಗಿ, ಇಳಿತವಿದ್ದ ಹೊತ್ತಿಗೆ ಸರಿಯಾಗಿ ಉಬ್ಬರ ಬಂದು ಕೂರುತ್ತದೆ.

ಏರುವ ನೀರು ಒಂದೇ ಸಮನಾಗಿ ಏರುವುದಿಲ್ಲ ಎಂಬುದನ್ನು ಬಹಳ ಜನ ಗಮನಿಸಿರುವುದಿಲ್ಲ. ನಾವಿಕರು ಬಳಸುವ ಹಳೆಯ ಅಂದಾಜಿನಂತೆ, ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ ಮೂರು, ಐದರಲ್ಲಿ ಎರಡು, ಆರರಲ್ಲಿ ಒಂದು ಪಾಲು ನೀರು ಏರುತ್ತದೆ. ಅಂದರೆ ನಡುವಿನ ಎರಡೇ ಗಂಟೆಗಳಲ್ಲಿ ಅರ್ಧದಷ್ಟು ನೀರು ಬಂದುಬಿಡುತ್ತದೆ. ಮೊದಲ ಗಂಟೆಯ ನಿಧಾನವನ್ನು ಕಂಡು ಧೈರ್ಯ ತಂದುಕೊಂಡವರು ಮೋಸಹೋಗುವುದು ಇಲ್ಲಿಯೇ. ತೀರ ಸಪಾಟಾಗಿದ್ದರೆ ಒಂದು ಗೇಣು ನೀರು ಏರಿದರೂ ಅಂಚು ಬಹುದೂರ ಒಳಕ್ಕೆ ನುಗ್ಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿಗೆ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬರುವುದರಿಂದ ಉಬ್ಬರ ಎಂದಿಗಿಂತ ಎತ್ತರ, ಇಳಿತ ಎಂದಿಗಿಂತ ಆಳ. ಒಟ್ಟು ಏರಿಳಿತ ಎಷ್ಟು ಎಂಬುದೂ ತೀರದಿಂದ ತೀರಕ್ಕೆ ಬೇರೆ: ಮೆಡಿಟರೇನಿಯನ್ ಸಮುದ್ರದ ಹೆಚ್ಚಿನ ಕಡೆ ಅದು ಕಣ್ಣಿಗೆ ಬೀಳದಷ್ಟು ಕಡಿಮೆ, ಕೆನಡಾದ ಫಂಡಿ ಕೊಲ್ಲಿಯಲ್ಲಿ 16 ಮೀಟರ್ ಮುಟ್ಟುತ್ತದೆ.

ಹೋಗುವ ತೀರದ ಉಬ್ಬರವಿಳಿತದ ವೇಳಾಪಟ್ಟಿಯನ್ನು ಮೊಬೈಲಿನಲ್ಲಿ ನೋಡಿಕೊಳ್ಳಲು ಎರಡು ನಿಮಿಷ ಸಾಕು. ಅದೂ ಇಲ್ಲದಿದ್ದರೆ ನೆಲವನ್ನು ನೋಡಿ. ಒಣ ಕಡಲಕಳೆ, ಚಿಪ್ಪು, ಕಡ್ಡಿ, ಪ್ಲಾಸ್ಟಿಕ್ ಚೂರುಗಳು ಒಂದೇ ಸಾಲಿನಲ್ಲಿ ತೀರದುದ್ದಕ್ಕೂ ಬಿದ್ದಿರುತ್ತವೆ, ಹಿಂದಿನ ಉಬ್ಬರ ತಲುಪಿದ್ದು ಅಲ್ಲಿಯವರೆಗೆ. ಅಂಥ ಸಾಲುಗಳು ಎರಡು ಮೂರಿದ್ದರೆ ಎಲ್ಲಕ್ಕಿಂತ ಮೇಲಿನದನ್ನೇ ಗಡಿಯೆಂದು ಭಾವಿಸಿ. ಕಾರು, ಚಪ್ಪಲಿ, ಚೀಲ, ನಿದ್ದೆ ಹೋದ ಗೆಳೆಯ, ಎಲ್ಲವೂ ಆ ಸಾಲಿಗಿಂತ ಮೇಲಿರಬೇಕು. ಸಾಮಾನ್ಯ ಕಾರನ್ನು ಮರಳಿಗೆ ಇಳಿಸಲೇಬಾರದು, ಹಲವು ತೀರಗಳಲ್ಲಿ ಅದು ಅಪರಾಧವೂ ಹೌದು. ಅಕಸ್ಮಾತ್ ಸಿಕ್ಕಿಬಿದ್ದರೆ ಆಕ್ಸಿಲರೇಟರ್ ತುಳಿಯಬೇಡಿ. ತಿರುಗುವ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಎಲ್ಲರೂ ಕೆಳಗಿಳಿದು, ಚಕ್ರದ ಹಿಂದಿನ ಮರಳನ್ನು ಕೈಯಿಂದ ಬಗೆದು, ಟೈರಿನ ಗಾಳಿಯನ್ನು ಒಂದಿಷ್ಟು ಇಳಿಸಿ, ಕಾಲಡಿಯ ಚಾಪೆಗಳನ್ನು ಚಕ್ರದ ಕೆಳಗೆ ಕೊಟ್ಟು, ಬಂದ ಜಾಡಿನಲ್ಲೇ ಹಿಂದಕ್ಕೆ ಮೆಲ್ಲನೆ ತೆಗೆಯಿರಿ. ಗಾಳಿ ಕಡಿಮೆಯಾದ ಟೈರು ವೇಗದಲ್ಲಿ ಕಾದು ಒಡೆಯಬಹುದಾದ್ದರಿಂದ, ಹೆದ್ದಾರಿ ಸೇರುವ ಮೊದಲು ಮತ್ತೆ ತುಂಬಿಸಲೇಬೇಕು.

ಪ್ರಶ್ನೆ: ನಮ್ಮಲ್ಲಿ ಒಬ್ಬನಿಗೆ ಈಜುಕೊಳದಲ್ಲಿ ಚೆನ್ನಾಗಿ ಈಜು ಬರುತ್ತದೆ, ಉಳಿದವರಿಗೆ ಇಲ್ಲ. ಅಲೆಗಳಿಲ್ಲದ ಶಾಂತವಾದ ಜಾಗವನ್ನು ನೋಡಿಕೊಂಡು ನೀರಿಗಿಳಿದರೆ ಸಾಲದೇ?

ಉತ್ತರ: ನೀವು ಹುಡುಕುತ್ತಿರುವ ಆ ಶಾಂತವಾದ ಜಾಗವೇ ಹಲವು ಬಾರಿ ಎಲ್ಲಕ್ಕಿಂತ ಅಪಾಯದ್ದು. ದಡಕ್ಕೆ ಅಪ್ಪಳಿಸಿದ ನೀರು ಹಿಂದಕ್ಕೆ ಹೋಗಬೇಕಲ್ಲ, ಅದು ಮರಳದಿಬ್ಬಗಳ ನಡುವಿನ ತಗ್ಗನ್ನು ಹುಡುಕಿಕೊಂಡು ಕಿರಿದಾದ ಹೊಳೆಯಂತೆ ಕಡಲಿನತ್ತ ಹರಿಯುತ್ತದೆ. ತಗ್ಗಿನಲ್ಲಿ ನೀರು ಆಳವಾಗಿರುವುದರಿಂದ ಅಲೆಗಳು ಅಲ್ಲಿ ಒಡೆಯುವುದಿಲ್ಲ. ಎರಡು ಬದಿಗೆ ಬಿಳಿನೊರೆ, ನಡುವೆ ನೊರೆಯಿಲ್ಲದ ಕಪ್ಪುಛಾಯೆಯ ಪಟ್ಟಿ, ಅದರ ಮೇಲೆ ಹೊರಕ್ಕೆ ತೇಲಿಹೋಗುತ್ತಿರುವ ಕಳೆ ಅಥವಾ ಕದಡಿದ ಮರಳು ಕಂಡರೆ ಅದೇ ಸೆಳೆತದ ದಾರಿಯೆಂದು ತಿಳಿಯಬೇಕು. ದಡದಲ್ಲಿ ನಿಂತರೆ ಇದು ಕಾಣುವುದು ಕಷ್ಟ. ನೀರಿಗಿಳಿಯುವ ಮೊದಲು ರಸ್ತೆಯ ಎತ್ತರದಿಂದಲೋ ದಿಬ್ಬದ ಮೇಲಿಂದಲೋ ಹತ್ತು ನಿಮಿಷ ಸುಮ್ಮನೆ ನೋಡಿ.

ಈ ಸೆಳೆತ ಸಾಮಾನ್ಯವಾಗಿ ನಡಿಗೆಗಿಂತ ನಿಧಾನವಿದ್ದರೂ, ಕೆಲವೊಮ್ಮೆ ಸೆಕೆಂಡಿಗೆ 2.5 ಮೀಟರ್ ಮುಟ್ಟುತ್ತದೆ. ಒಲಿಂಪಿಕ್ ಈಜುಗಾರರೂ ಅದಕ್ಕೆ ಎದುರಾಗಿ ದಡ ಸೇರಲಾರರು. ಅದು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಮುಳುಗುವವರು ಬಹುಮಟ್ಟಿಗೆ ದಡದತ್ತ ನೇರವಾಗಿ ಈಜಲು ಹೋಗಿ ಸುಸ್ತಾದವರು. ಸಿಕ್ಕಿಕೊಂಡರೆ ಮೊದಲು ತೇಲಿ, ಉಸಿರು ಹಿಡಿತಕ್ಕೆ ತಂದುಕೊಳ್ಳಿ, ಕೈಯೆತ್ತಿ ಕೂಗಿ. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಅಲೆಗಳು ಒಡೆಯುತ್ತಿರುವ ಕಡೆಗೆ ಹೋದರೆ ಆ ಅಲೆಗಳೇ ನಿಮ್ಮನ್ನು ದಡಕ್ಕೆ ತಳ್ಳುತ್ತವೆ.

ಈಜು ಬಲ್ಲ ನಿಮ್ಮ ಗೆಳೆಯನ ವಿಚಾರವನ್ನು ಬಿಡಿಸಿ ಹೇಳಬೇಕು. ಕೊಳದ ನೀರು ನಿಂತ ನೀರು, ತಳ ಕಾಣುತ್ತದೆ, ದಣಿವಾದರೆ ಹಿಡಿದುಕೊಳ್ಳಲು ಅಂಚು ಕೈಗೆ ಸಿಗುತ್ತದೆ. ಇವು ಮೂರೂ ಕಡಲಿನಲ್ಲಿಲ್ಲ. ನಿಮ್ಮಲ್ಲೊಬ್ಬರು ಸೆಳೆತಕ್ಕೆ ಸಿಕ್ಕರೆ ಅವನು ಹಿಂದುಮುಂದು ನೋಡದೆ ಧುಮುಕುತ್ತಾನೆ, ಗಾಬರಿಯಲ್ಲಿ ತಬ್ಬಿ ಹಿಡಿದವರ ಜೊತೆಗೆ ಅವನೂ ಮುಳುಗುತ್ತಾನೆ. ಪ್ರವಾಸದ ಗುಂಪುಗಳ ದುರಂತಗಳಲ್ಲಿ ಇದು ಮತ್ತೆ ಮತ್ತೆ ಕಾಣುವ ಕಥೆ. ದಡದಲ್ಲಿರುವವರು ನೀರಿಗೆ ಹಾರದೆ ತೇಲುವ ವಸ್ತುವನ್ನು ಎಸೆಯಬೇಕು: ಮುಚ್ಚಳ ಬಿಗಿದ ದೊಡ್ಡ ಖಾಲಿ ನೀರಿನ ಕ್ಯಾನು, ಗಾಳಿ ತುಂಬಿದ ಟ್ಯೂಬು, ಯಾವುದಾದರೂ ಸರಿ. ಒಬ್ಬರು ಜೀವರಕ್ಷಕರತ್ತ ಓಡಬೇಕು, ಇನ್ನೊಬ್ಬರು ಕಣ್ಣು ಕದಲಿಸದೆ ಸಿಕ್ಕಿಕೊಂಡವರನ್ನೇ ನೋಡುತ್ತ ಬೆರಳು ತೋರಿಸುತ್ತ ನಿಲ್ಲಬೇಕು, ಏಕೆಂದರೆ ಅಲೆಗಳ ನಡುವೆ ಒಮ್ಮೆ ಕಣ್ತಪ್ಪಿದ ತಲೆಯನ್ನು ಮತ್ತೆ ಹುಡುಕುವುದು ಬಹಳ ಕಷ್ಟ.

ಬಹುಪಾಲು ದೇಶಗಳಲ್ಲಿ ಕೆಂಪು-ಹಳದಿ ಬಾವುಟಗಳೆರಡರ ನಡುವಿನ ನೀರು ಜೀವರಕ್ಷಕರ ಕಾವಲಿನಲ್ಲಿರುವ ಜಾಗ, ಬರಿಯ ಕೆಂಪು ಬಾವುಟ ಅಪಾಯದ ಸೂಚನೆ. ಜೀವರಕ್ಷಕರಿಲ್ಲದ ತೀರದಲ್ಲಿ ಈಜು ಬಾರದವರು ಮೊಣಕಾಲಿಗಿಂತ ಆಳಕ್ಕೆ ಹೋಗಬಾರದು. ಕುಡಿದವರು ನೀರಿಗಿಳಿಯಲೇಬಾರದು, ಅದರಲ್ಲಿ ರಿಯಾಯಿತಿಯಿಲ್ಲ.

ಪ್ರಶ್ನೆ: ತಿರುವಿನ ರಸ್ತೆಯಲ್ಲಿ ಒಬ್ಬಳಿಗೆ ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ಅವಳನ್ನು ಬಿಟ್ಟು ಹೋಗಲು ಮನಸ್ಸಿಲ್ಲ.

ಉತ್ತರ: ಮುಂದಿನ ಸೀಟಿನಲ್ಲಿ ಕೂರಿಸಿ, ದೂರದ ದಿಗಂತವನ್ನು ನೋಡುತ್ತಿರಲು ಹೇಳಿ, ಮೊಬೈಲನ್ನು ಬೇರೆಯವರು ತೆಗೆದಿಟ್ಟುಕೊಳ್ಳಲಿ. ಕಣ್ಣು ನಿಂತ ಅಕ್ಷರಗಳನ್ನು ನೋಡುತ್ತಿರುವಾಗ ಒಳಕಿವಿ ಓಲಾಟವನ್ನು ವರದಿ ಮಾಡುವುದೇ ಈ ತೊಳಸಾಟಕ್ಕೆ ಮೂಲ. ಅವಳಿಗೆ ಕಾರು ಓಡಿಸಲು ಬರುತ್ತಿದ್ದರೆ ಚಕ್ರವನ್ನು ಅವಳಿಗೇ ಕೊಡಿ, ಓಡಿಸುವವರಿಗೆ ಈ ತೊಂದರೆ ವಿರಳ. ಆಗ ವಾಂತಿ ತಡೆಯುವ ಮಾತ್ರೆಯನ್ನು ಮಾತ್ರ ನುಂಗಿರಬಾರದು, ಅವುಗಳಲ್ಲಿ ಹಲವು ನಿದ್ದೆ ಬರಿಸುತ್ತವೆ.

ಪ್ರಶ್ನೆ: ಕಾರು ನನ್ನದು. ಪ್ರತಿ ಬಾರಿಯೂ ಇಂಧನದ ಖರ್ಚನ್ನು ಐವರೂ ಸಮನಾಗಿ ಹಂಚಿಕೊಳ್ಳುತ್ತೇವೆ. ಸವೆಯುವುದು ನನ್ನ ಟೈರು, ಗೀರು ಬೀಳುವುದು ನನ್ನ ಬಾಗಿಲಿಗೆ. ಬಾಯಿಬಿಟ್ಟು ಹೇಳಿದರೆ ಜಿಪುಣನೆನ್ನುತ್ತಾರೆ ಎಂಬ ಸಂಕೋಚ.

ಉತ್ತರ: ಹೇಳದೆ ಒಳಗೊಳಗೇ ಕುದಿಯುವುದಕ್ಕಿಂತ ಜಿಪುಣನೆನಿಸಿಕೊಳ್ಳುವುದು ಅಗ್ಗ. ಕಾರಿನ ಒಡೆಯರನ್ನು ಬಿಟ್ಟು ಉಳಿದ ನಾಲ್ವರು ಇಂಧನ, ಸುಂಕ, ನಿಲುಗಡೆಯ ಶುಲ್ಕಗಳನ್ನು ಹಂಚಿಕೊಂಡರೆ ಸವೆತಕ್ಕೆ ತಕ್ಕಮಟ್ಟಿಗೆ ಪರಿಹಾರ ದೊರೆತಂತಾಗುತ್ತದೆ. ಊಟ, ವಸತಿಗಳಲ್ಲಿ ಮಾತ್ರ ಐದು ಪಾಲು. ದಂಡ ಬಿದ್ದರೆ ಆ ಹೊತ್ತಿಗೆ ಓಡಿಸುತ್ತಿದ್ದವರದು. ಹೊರಡುವಾಗಲೇ ಎಲ್ಲರೂ ಸಮಮೊತ್ತವನ್ನು ಒಂದೇ ಚೀಲಕ್ಕೆ ಹಾಕಿ ಒಬ್ಬರೇ ಖರ್ಚು ಮಾಡಿದರೆ, ಭಾನುವಾರ ರಾತ್ರಿ ಚಹಾದ ಲೆಕ್ಕಕ್ಕೆ ಕೂರುವ ಕಷ್ಟ ತಪ್ಪುತ್ತದೆ.

ಇದಕ್ಕಿಂತ ದೊಡ್ಡ ವಿಷಯವನ್ನು ನೀವು ಕೇಳಿಲ್ಲ. ನಿಮ್ಮ ಕಾರನ್ನು ಗೆಳೆಯ ಓಡಿಸುತ್ತಿರುವಾಗ ಅಪಘಾತವಾದರೆ ವಿಮೆ ಒಪ್ಪುತ್ತದೆಯೇ, ನಿಮ್ಮ ಕೈಯಿಂದ ತೆರಬೇಕಾದ ಪಾಲೆಷ್ಟು ಎಂಬುದನ್ನು ಪಾಲಿಸಿ ತೆರೆದು ನೋಡಿ. ಕೆಲವು ದೇಶಗಳಲ್ಲಿ ವಿಮೆ ಕಾರಿಗೆ ಅಂಟಿಕೊಂಡಿರುತ್ತದೆ, ಕೆಲವೆಡೆ ಹೆಸರಿಸಿದ ಚಾಲಕರಿಗೆ ಮಾತ್ರ. ಬಾಡಿಗೆ ಕಾರಿನ ಕರಾರುಗಳಲ್ಲಿ ಸಾಮಾನ್ಯವಾಗಿ ಎರಡನೆಯದೇ ನಿಯಮ. ಆ ತೆರಬೇಕಾದ ಪಾಲನ್ನು ಯಾರು ಕೊಡುವುದೆಂದು ಕಾರು ಚಾಲೂ ಮಾಡುವ ಮೊದಲೇ ಮಾತಾಡಿಕೊಳ್ಳಿ.

ಪ್ರಶ್ನೆ: ಕೋಣೆ ಸಿಗದಿದ್ದರೆ ತೀರದಲ್ಲೇ ಕಾರಿನೊಳಗೆ ಮಲಗಬಹುದೇ?

ಉತ್ತರ: ಸ್ಥಳೀಯ ನಿಯಮ ಒಪ್ಪುವ ಕಡೆ, ಉಬ್ಬರದ ಸಾಲಿನಿಂದ ಮೇಲೆ, ಬಂಡೆಯ ಕಡಿದಾದ ಗೋಡೆಯಿಂದ ದೂರ, ಜನವಸತಿಯ ಹತ್ತಿರವಾದರೆ ಒಂದು ರಾತ್ರಿ ಕಳೆಯಬಹುದು. ಎಂಜಿನ್ ಮತ್ತು ಎ.ಸಿ. ಚಾಲೂ ಇಟ್ಟುಕೊಂಡು ಮಲಗಲೇಬಾರದು. ಹೊಗೆಕೊಳವೆ ಮರಳಿಗೆ ತಾಕಿ ಮುಚ್ಚಿಕೊಂಡರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬುತ್ತದೆ, ಅದು ಯಾರನ್ನೂ ಎಬ್ಬಿಸುವುದಿಲ್ಲ. ಕಿಟಕಿಗಳನ್ನು ಎರಡು ಬೆರಳಷ್ಟು ಇಳಿಸಿಡಿ. ಮರುದಿನ ಓಡಿಸಬೇಕಾದವರಿಗೆ ಕಾಲು ಚಾಚುವ ಸೀಟು ಸಿಗಬೇಕು, ಉಳಿದವರು ಹೇಗಾದರೂ ಹೊಂದಿಕೊಳ್ಳಲಿ.

ಪ್ರಶ್ನೆ: ನಾಲ್ವರು ಹೋಗಿದ್ದೆವು. ಕರೆಯದೆ ಉಳಿದ ಗೆಳೆಯ ಚಿತ್ರಗಳನ್ನು ನೋಡಿ ಮಾತು ಬಿಟ್ಟಿದ್ದಾನೆ. ಅರ್ಧ ಗಂಟೆಯಲ್ಲಿ ತೀರ್ಮಾನಿಸಿ ಹೊರಟದ್ದು ನಿಜ, ನಂಬಿಸುವುದು ಹೇಗೆ?

ಉತ್ತರ: ಅವನು ನಿಮ್ಮ ಅರ್ಧ ಗಂಟೆಯನ್ನು ನಂಬಿರಬಹುದು. ಅವನಿಗೆ ಕುಟುಕಿರುವುದು ಬೇರೆ: ಆ ಅರ್ಧ ಗಂಟೆಯಲ್ಲಿ ಇಂಧನ ತುಂಬಿಸಲು, ತಿಂಡಿ ಕಟ್ಟಿಸಲು, ಚಾರ್ಜರ್ ಹುಡುಕಲು ಹೊತ್ತು ಸಿಕ್ಕಿತು, ಒಂದು ಕರೆ ಮಾಡಲು ಸಿಗಲಿಲ್ಲ. ಕಾರಿನಲ್ಲಿ ಐದನೆಯ ಸೀಟು ಖಾಲಿಯಿದ್ದದ್ದೂ ಚಿತ್ರಗಳಲ್ಲಿ ಕಂಡಿರುತ್ತದೆ. ಆದ್ದರಿಂದ ವಿವರಣೆ ಕೊಡುವ ಯತ್ನವನ್ನು ಬಿಟ್ಟು, ಕರೆಯಬೇಕಿತ್ತು, ಕರೆಯಲಿಲ್ಲ ಎಂದು ನೇರವಾಗಿ ಹೇಳಿ. ಮುಂದಿನ ಬಾರಿ ತೀರವನ್ನು ಆರಿಸುವ ಸರದಿಯನ್ನು ಅವನಿಗೆ ಕೊಡಿ. ಅವನು ಆರಿಸಿದ ತೀರ ನಿಮಗೆ ಸಪ್ಪೆಯೆನಿಸಿದರೆ, ಬೇಡವೆನ್ನುವ ನಿಮ್ಮ ಒಂದು ಹಕ್ಕನ್ನು ಆ ಬಾರಿ ಬಳಸಬೇಡಿ.

ಮುನಿಸಿಗೆ ಬೇರೆ ಕಾರಣವಿದ್ದರೆ, ಅಂದರೆ ಅವನನ್ನು ಬೇಕೆಂದೇ ಬಿಟ್ಟಿದ್ದರೆ, ನೀವು ಹುಡುಕಬೇಕಾದ ಉತ್ತರ ಈ ಅಂಕಣದಲ್ಲಿಲ್ಲ.

ಪ್ರಶ್ನೆ: ಭಾನುವಾರ ಕಡಲಲ್ಲಿ ಸೂರ್ಯ ಮುಳುಗುವುದನ್ನು ನೋಡಿಯೇ ಹೊರಡೋಣವೆಂದು ಎಲ್ಲರ ಹಟ. ಓಡಿಸಬೇಕಾದವಳು ನಾನೊಬ್ಬಳೇ. ಏನು ಹೇಳಲಿ?

ಉತ್ತರ: ಸೂರ್ಯಾಸ್ತವನ್ನು ಶನಿವಾರವೇ ನೋಡಿಬಿಡೋಣ ಎಂದು ಮೊದಲ ದಿನ ಬೆಳಿಗ್ಗೆಯೇ ಹೇಳಿ. ಎರಡು ದಿನ ಬಿಸಿಲು, ಉಪ್ಪುಗಾಳಿ, ಅರೆನಿದ್ದೆಗಳಲ್ಲಿ ಕಳೆದ ಮೈ, ಭಾನುವಾರ ರಾತ್ರಿಯ ವಾಹನಸಂದಣಿಯಲ್ಲಿ ನಾಲ್ಕು ಗಂಟೆ ಓಡಿಸುವ ಸ್ಥಿತಿಯಲ್ಲಿರುವುದಿಲ್ಲ. ಮಧ್ಯಾಹ್ನದ ಊಟ ಮಿತವಾಗಿರಲಿ, ಎರಡರಿಂದ ನಾಲ್ಕರ ನಡುವಿನ ಮಂಪರು ಹೊಟ್ಟೆ ತುಂಬಿದವರಿಗೆ ಇನ್ನೂ ಜೋರು. ಬೆಳಗಿನ ಉಪಾಹಾರ ಮುಗಿಸಿ ಹನ್ನೊಂದಕ್ಕೆ ಹೊರಡುವುದು ಉತ್ತಮ. ಆಗದಿದ್ದರೆ ಊಟದ ನಂತರ ಅರ್ಧ ಗಂಟೆ ಮಲಗಿ ಮೂರಕ್ಕೆ ಹೊರಡಿ, ಎರಡು ಗಂಟೆಗೊಮ್ಮೆ ಕೆಳಗಿಳಿದು ಓಡಾಡಿ. ಕಾರಿನ ಕೀಲಿಕೈ ನಿಮ್ಮ ಬಳಿಯೇ ಇರುವುದರಿಂದ ಈ ವಿಷಯದಲ್ಲಿ ಬಹುಮತಕ್ಕೆ ಬೆಲೆಯಿಲ್ಲ.

ಮನೆ ಸೇರಿದ ಮೇಲಿನ ಒಂದು ಕೆಲಸವನ್ನು ಅವರಿಂದ ಮಾಡಿಸಿಕೊಳ್ಳಿ. ತೀರದಲ್ಲಿ ನಿಂತ ಕಾರಿನ ತಳಕ್ಕೆ ಅಂಟಿದ ಉಪ್ಪು ತೇವವನ್ನು ಹಿಡಿದಿಟ್ಟುಕೊಂಡು ತುಕ್ಕನ್ನು ಬೇಗ ಹಿಡಿಸುವುದರಿಂದ, ಮೇಲ್ಮೈಗಿಂತ ಮೊದಲು ಚಕ್ರದ ಒಳಗೋಡೆಗಳನ್ನೂ ತಳವನ್ನೂ ಸಿಹಿನೀರಿನ ರಭಸದಲ್ಲಿ ತೊಳೆಯಬೇಕು. ಒಳಗಿನ ಮರಳನ್ನು ಒರೆಸದೆ ವ್ಯಾಕ್ಯೂಮಿನಲ್ಲಿ ಎಳೆಯಬೇಕು. ಸೀಟುಬೆಲ್ಟಿನ ಬಕಲಿನೊಳಗೆ ನಾಲ್ಕು ಹರಳು ಸೇರಿಕೊಂಡರೂ ಕೊಂಡಿ ಅರ್ಧಕ್ಕೆ ಕೂತು ಬಿಡುತ್ತದೆ, ಆದ್ದರಿಂದ ಐದೂ ಬೆಲ್ಟುಗಳನ್ನು ಒಂದೊಂದಾಗಿ ಹಾಕಿ, ಎಳೆದು, ಬಿಚ್ಚಿ ನೋಡಲಿ.